ಮನೆಯಲ್ಲಿ ಉಜ್ಜಿದ ಕನ್ನಡಿ: ಫೂಕೋ, ರೋಂಕಿ, ನಕ್ಷತ್ರ – ಯಾವುದನ್ನು ನಂಬುವುದು?

ಟೆಲಿಸ್ಕೋಪಿಗೆಂದು 150 ಮಿ.ಮೀ. ಅಗಲದ ಎಫ್/8 (ಬೆಳಕು ಒಂದೆಡೆ ಸೇರುವ ಫೋಕಲ್ ದೂರ ಅಗಲದ ಎಂಟರಷ್ಟು) ಕನ್ನಡಿಯೊಂದನ್ನು ಉಜ್ಜಿ ಪಾಲಿಶ್ ಮಾಡುವಾಗ, ಮೈಯ ಆಕಾರ ಸರಿಯಿದೆಯೇ ಅಂತ ತಿಳಿಯುವ ಈ ಮೂರು ಪರೀಕ್ಷೆಗಳನ್ನೂ ಅದರ ಮೇಲೆ ಮಾಡಿ ನೋಡಿದೆ. ಕನ್ನಡಿ ಒಂದೇ ಆದಮೇಲೆ ಮೂರೂ ಒಂದೇ ಮಾತು ಹೇಳಬೇಕು ಅಲ್ವಾ? ಹೇಳುವುದಿಲ್ಲ. ಒಂದರಲ್ಲಿ ಎದ್ದು ಕಾಣುವ ದೋಷ ಇನ್ನೊಂದರಲ್ಲಿ ಸುಳಿವೂ ಕೊಡುವುದಿಲ್ಲ.

ಎಲ್ಲಕ್ಕಿಂತ ಸುಲಭ ರೋಂಕಿ. ಒತ್ತೊತ್ತಾಗಿ ಗೆರೆಗಳಿರುವ ಒಂದು ಫಿಲ್ಮ್, ಹಿಂದೆ ಒಂದು ಎಲ್‌ಇಡಿ, ಅಷ್ಟೇ ಸಾಮಾನು. ಕನ್ನಡಿಯಿಂದ ಫೋಕಲ್ ದೂರದ ಎರಡರಷ್ಟು ಹಿಂದೆ, ಅಂದರೆ ನನ್ನದಕ್ಕೆ 2.4 ಮೀಟರ್ ದೂರದಲ್ಲಿ ಕೂತು ಫಿಲ್ಮ್ ಮೂಲಕ ನೋಡಿದರೆ ಕನ್ನಡಿ ತುಂಬ ಕಪ್ಪು ಪಟ್ಟೆಗಳು. ಪಟ್ಟೆ ನೇರವಾಗಿದ್ದರೆ ಮೈ ಗೋಳಾಕಾರ. ಟೆಲಿಸ್ಕೋಪಿಗೆ ಬೇಕಾದ ಪ್ಯಾರಾಬೋಲಾ (ಗೋಳಕ್ಕಿಂತ ನಡುವೆ ತುಸು ಆಳವಾದ ಆಕಾರ) ಆದರೆ ನಯವಾಗಿ ಬಾಗಿರುತ್ತವೆ. ಅಂಚು ಕುಸಿದಿದ್ದರೆ ಪಟ್ಟೆಯ ತುದಿ ಕೊಕ್ಕೆಯ ಹಾಗೆ ಮಡಚಿಕೊಳ್ಳುತ್ತದೆ. ಪಾಲಿಶ್ ನಿಲ್ಲಿಸಿ ಒಂದು ನೋಟ ನೋಡಿ ಮತ್ತೆ ಕೆಲಸಕ್ಕೆ ಕೂರಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎಫ್/8ರಲ್ಲಿ ಬಾಗು ತೀರಾ ಕಡಿಮೆ. ಪ್ಯಾರಾಬೋಲಾ ಪೂರ್ತಿ ಆಯಿತೋ ಅರ್ಧಕ್ಕೇ ನಿಂತಿದೆಯೋ ಅಂತ ಪಟ್ಟೆ ನೋಡಿ ಹೇಳುವುದು ಕಷ್ಟ.

ಅಲ್ಲಿಗೆ ಫೂಕೋ ಬೇಕಾಗುತ್ತದೆ. ಫ್ರೆಂಚ್ ವಿಜ್ಞಾನಿ ಫೂಕೋನ 1858ರ ಉಪಾಯ, ಬೇಕಾಗುವುದು ಒಂದು ಶೇವಿಂಗ್ ಬ್ಲೇಡ್. ಕನ್ನಡಿಯಿಂದ ವಾಪಸ್ ಬರುವ ಬೆಳಕು ಒಂದು ಚುಕ್ಕೆಯಾಗಿ ಸೇರುವ ಕಡೆ ಬ್ಲೇಡಿನ ಅಂಚನ್ನು ನಿಧಾನವಾಗಿ ಅಡ್ಡ ತಂದರೆ ಮೈಯ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಇದರ ಸೂಕ್ಷ್ಮ ನೋಡಬೇಕಾದರೆ ಬೆರಳನ್ನು ಗಾಜಿನ ಮೇಲೆ ಹತ್ತಿಪ್ಪತ್ತು ಸೆಕೆಂಡ್ ಇಟ್ಟು ತೆಗೆಯಿರಿ. ಮುಟ್ಟಿದ ಜಾಗ ಬಿಸಿಗೆ ಹಿಗ್ಗಿ ಪುಟ್ಟ ಗುಡ್ಡದ ಹಾಗೆ ಕಾಣುತ್ತದೆ, ಆಮೇಲೆ ಮೆಲ್ಲಗೆ ಇಳಿದು ಮಾಯವಾಗುತ್ತದೆ. ನನಗಂತೂ ಇದು ಇವತ್ತಿಗೂ ಬೇಸರ ತರಿಸದ ಆಟ.

ಫೂಕೋ ಅಂಕಿಯನ್ನೂ ಕೊಡುತ್ತದೆ. ಕಿಟಕಿ ಕತ್ತರಿಸಿದ ರಟ್ಟನ್ನು ಕನ್ನಡಿಯ ಮುಂದಿಟ್ಟು, ಎಡಬಲದ ಕಿಟಕಿಗಳು ಒಟ್ಟಿಗೆ ಮಂಕಾಗುವಾಗ ಬ್ಲೇಡ್ ಇರುವ ಜಾಗವನ್ನು ನಡುವಿನಿಂದ ಅಂಚಿನವರೆಗಿನ ಪ್ರತಿ ವಲಯಕ್ಕೂ ಗುರುತಿಸಬೇಕು. ಬೆಳಕೂ ಬ್ಲೇಡೂ ಒಟ್ಟಿಗೆ ಸರಿಯುವ ಸಾಧನದಲ್ಲಿ ನನ್ನ ಕನ್ನಡಿಯ ನಡುವಿಗೂ ಅಂಚಿಗೂ ಸುಮಾರು 1.17 ಮಿ.ಮೀ. ವ್ಯತ್ಯಾಸ ಬರಬೇಕು. ಬೆಳಕು ಒಂದೇ ಕಡೆ ನಿಂತಿದ್ದರೆ ಅದರ ಎರಡರಷ್ಟು. ತೊಂದರೆ ಏನೆಂದರೆ ‘ಒಟ್ಟಿಗೆ ಮಂಕಾಯಿತು’ ಅನ್ನುವುದು ನಮ್ಮ ಕಣ್ಣಿನ ತೀರ್ಪು. ಸುಸ್ತಾದ ಕಣ್ಣು ತನಗೆ ಬೇಕಾದ ಅಂಕಿಯನ್ನೇ ಓದುತ್ತದೆ. ಇನ್ನೊಂದು, ಅಳೆಯುವುದು ಒಂದೇ ಅಡ್ಡಗೆರೆಯ ಉದ್ದಕ್ಕೆ. ಕನ್ನಡಿಗೆ ಅಸ್ಟಿಗ್ಮಾಟಿಸಂ (ಒಂದು ದಿಕ್ಕಿಗೊಂದು ಬಾಗು, ಅಡ್ಡ ದಿಕ್ಕಿಗೆ ಇನ್ನೊಂದು) ಇದ್ದರೆ ಸುಮ್ನೆ ತಪ್ಪಿಸಿಕೊಳ್ಳುತ್ತದೆ. ಕನ್ನಡಿಯನ್ನು ತಿರುಗಿಸಿಟ್ಟು ಮತ್ತೆ ಅಳೆದರೆ ಮಾತ್ರ ಗುಮಾನಿ ಬರಬಹುದು.

ನಕ್ಷತ್ರದ ಪರೀಕ್ಷೆಯಲ್ಲಿ ಆ ಮರೆಮಾಚು ನಡೆಯುವುದಿಲ್ಲ. ಕನ್ನಡಿಯನ್ನು ಟೆಲಿಸ್ಕೋಪಿಗೆ ಕೂರಿಸಿ ನಕ್ಷತ್ರವೊಂದರ ಕಡೆ ತಿರುಗಿಸಿ, ಜಾಸ್ತಿ ಪವರಿನ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ, ಫೋಕಸ್‌ನ ಒಳಗೂ ಹೊರಗೂ ಸ್ವಲ್ಪ ಸರಿಸಿ ಉಂಗುರಗಳನ್ನು ನೋಡಬೇಕು. ಎರಡೂ ಕಡೆ ಒಂದೇ ರೀತಿ ಕಂಡರೆ ಕನ್ನಡಿ ಚೆನ್ನಾಗಿದೆ. ಒಳಗಡೆ ಅಡ್ಡಕ್ಕೆ, ಹೊರಗಡೆ ಉದ್ದಕ್ಕೆ ಮೊಟ್ಟೆಯಾಕಾರ ಬಂದರೆ ಅಸ್ಟಿಗ್ಮಾಟಿಸಂ. ಆಗ ತಲೆ ವಾಲಿಸಿ ನೋಡಿ. ಮೊಟ್ಟೆಯೂ ಜೊತೆಗೆ ವಾಲಿದರೆ ದೋಷ ನಿಮ್ಮ ಕಣ್ಣಿನದು. ಗಾಳಿ ಕದಡಿದ್ದರೆ, ಕನ್ನಡಿ ಇನ್ನೂ ತಣ್ಣಗಾಗದಿದ್ದರೆ ಈ ಪರೀಕ್ಷೆ ದಂಡ. ಲೇಪನವಿಲ್ಲದ ಗಾಜು ಬೆಳಕಿನ ಸುಮಾರು 4% ಮಾತ್ರ ತಿರುಗಿಸುವುದರಿಂದ ಚೆನ್ನಾಗಿ ಹೊಳೆಯುವ ನಕ್ಷತ್ರವೇ ಬೇಕು. ಅಂಕಿಯಂತೂ ಸಿಗುವುದಿಲ್ಲ.

ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ ಕಥೆ ಗೊತ್ತಲ್ಲ? ಅದರ ಕನ್ನಡಿಯಲ್ಲಿ ಏನೋ ಸರಿಯಿಲ್ಲವೆಂದು ಬೇರೆ ಪರೀಕ್ಷೆಗಳು ಮೊದಲೇ ತೋರಿಸಿದ್ದವು. ಮುಖ್ಯ ಸಾಧನವನ್ನೇ ನಂಬಿ ಅವನ್ನು ತಳ್ಳಿಹಾಕಿದರು. ಆ ಸಾಧನದ ಜೋಡಣೆಯೇ 1.3 ಮಿ.ಮೀ. ತಪ್ಪಿತ್ತು. 1990ರಲ್ಲಿ ಮೇಲೆ ಹೋದಮೇಲೆ ಗೊತ್ತಾಯಿತು.

ಒಂದನ್ನೇ ಆರಿಸು ಅಂದರೆ ನಾನು ಫೂಕೋ ಇಟ್ಟುಕೊಳ್ಳುತ್ತೇನೆ, ತಿದ್ದಲು ದಾರಿ ತೋರಿಸುವುದು ಅದೇ. ಆದರೆ ಫೂಕೋ ‘ಸರಿ’ ಅಂದು ನಕ್ಷತ್ರ ‘ಇಲ್ಲ’ ಅಂದರೆ ನನ್ನ ಮತ ನಕ್ಷತ್ರಕ್ಕೆ. ಹಾಗಂತ ತಕ್ಷಣ ಪಾಲಿಶ್‌ಗೆ ಓಡುವುದಿಲ್ಲ. ನಕ್ಷತ್ರ ಮೂರು ಮೂಲೆಯಾಗಿ ಕಂಡರೆ ಕನ್ನಡಿ ಹಿಡಿದಿರುವ ಕ್ಲಿಪ್‌ಗಳು ಬಿಗಿಯಾಗಿರುತ್ತವೆ. ಕಾಗದ ತೂರುವಷ್ಟು ಸಡಿಲಿಸಿ ಮತ್ತೊಮ್ಮೆ ನೋಡಿ.