ಕೊನೆಯ ಪುಟಗಳಿಲ್ಲದ ‘1984’

ಎಂ.ಎ. ಇಂಗ್ಲಿಷ್ ಓದುತ್ತಿರುವ ತಂಗಿಯ ಮಗಳಿಗೆಂದು ತುಮಕೂರಿನ ಬಿ.ಎಚ್. ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ಅಗ್ಗದ ಮುದ್ರಣವೊಂದನ್ನು 130 ರೂಪಾಯಿಗೆ ಕೊಂಡೆ. ಕಾಗದ ತೆಳು, ಅಕ್ಷರ ಸಣ್ಣದು, ಬೆನ್ನಿನ ಅಂಟು ಎರಡನೆಯ ಓದಿಗೇ ಬಿಟ್ಟುಕೊಂಡಿತು. ಆ ಬೆಲೆಗೆ ಇವನ್ನೆಲ್ಲ ಸಹಿಸಬಹುದು. ಆದರೆ ಕಾದಂಬರಿಯ ಕೊನೆಗೆ ಇರಬೇಕಾದ, ವಿರೋಧದ ಆಲೋಚನೆಗೆ ಪದವೇ ಸಿಗದಂತೆ ಕಥೆಯ ಸರ್ವಾಧಿಕಾರಿ ಪಕ್ಷ ಕಟ್ಟುವ ‘ನ್ಯೂಸ್ಪೀಕ್’ ಭಾಷೆಯನ್ನು ಕುರಿತ ಪರಿಶಿಷ್ಟವನ್ನೇ ಪ್ರಕಾಶಕರು ಒಂದು ಸೂಚನೆಯೂ ಇಲ್ಲದೆ ಕೈಬಿಟ್ಟಿರುವುದನ್ನು ಸಹಿಸಲಾಗದು.

ಓದಿ ಮುಗಿಸಿದ ಹುಡುಗಿ, “ಮಾವ, ಕೊನೆಗೆ ಅವನಲ್ಲಿ ಏನೂ ಉಳಿಯಲಿಲ್ಲವಲ್ಲ” ಎಂದಳು. ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಬಗ್ಗೆ ಅವಳ ಮಾತು; ಕಥೆಯ ಮಟ್ಟಿಗೆ ಅದು ನಿಜ. ನಾಲ್ಕು ಬೆರಳು ತೋರಿಸಿ ಎಷ್ಟೆಂದು ಕೇಳುವ ಪಕ್ಷದ ಅಧಿಕಾರಿ ಓಬ್ರಿಯನ್‌ಗೆ, ವಿನ್‌ಸ್ಟನ್ ಸ್ಮಿತ್ ನೋವು ತಾಳದೆ ಐದೆಂದರೆ ಸಾಲದು. ಅವನ ಕಣ್ಣಿಗೆ ಐದೇ ಕಾಣಬೇಕು. ಈ ಕೆಲಸ ಚಿತ್ರಹಿಂಸೆಯ ಕೋಣೆಗಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹಳೆಯ ಪತ್ರಿಕೆಗಳನ್ನು ಪಕ್ಷಕ್ಕೆ ಬೇಕಾದಂತೆ ತಿದ್ದುವ ಇಲಾಖೆಯಲ್ಲಿ ದುಡಿಯುವ ವಿನ್‌ಸ್ಟನ್‌ಗೆ ತನ್ನ ನೆನಪು ಸರಿಯೆಂದು ಸಾಕ್ಷಿ ಹೇಳಬಲ್ಲ ಒಂದು ಕಾಗದವೂ ಹೊರಗೆ ಉಳಿದಿಲ್ಲ; ಸಾಕ್ಷಿಯಿಲ್ಲದ ನೆನಪನ್ನು ಒಬ್ಬನೇ ಎಷ್ಟು ದಿನ ಹಿಡಿದಿಟ್ಟುಕೊಂಡಾನು?

ಹಳೆಯ ಸಾಮಾನಿನ ಅಂಗಡಿಯಲ್ಲಿ ಅವನು ಕೊಂಡ, ಒಳಗೆ ಹವಳದ ಚೂರಿರುವ ಗಾಜಿನ ಗುಂಡು ಪಕ್ಷ ತಿದ್ದಲು ಮರೆತ ಹಳೆಯ ಕಾಲದ ತುಣುಕು. ಬಂಧನದ ದಿನ ಅದು ಕಲ್ಲಿಗೆ ಬಡಿದು ಒಡೆದು ಹವಳ ಚಾಪೆಯ ಮೇಲೆ ಉರುಳಿದಾಗ, ಅದು ಮೊದಲಿಂದಲೂ ಎಷ್ಟು ಚಿಕ್ಕದಾಗಿತ್ತೆಂದು ಅವನಿಗೆ ಹೊಳೆಯುತ್ತದೆ. ಕೈದಿಗೆ ಅವನು ಅತಿ ಹೆಚ್ಚು ಹೆದರುವುದನ್ನೇ ಒಡ್ಡುವ 101ನೇ ಕೋಣೆಯಲ್ಲಿ ಅವನ ಮುಖಕ್ಕೆ ತರುವ ಇಲಿಗಳಿಗಿಂತ ಈ ಗಳಿಗೆಯೇ ನನ್ನನ್ನು ಹೆಚ್ಚು ಕಲಕಿದೆ. ಆ ಕೋಣೆಯಲ್ಲಿ, ತನ್ನ ಬದಲು ಪ್ರೇಯಸಿ ಜೂಲಿಯಾಳಿಗೆ ಹಾಗೆ ಮಾಡಿ ಎಂದು ಅವನು ಕೂಗುವುದು ನಟನೆಯಲ್ಲ. ಬಿಡುಗಡೆಯಾದ ಮೇಲೆ ಭೇಟಿಯಾಗುವ ಇಬ್ಬರೂ, ತಾವು ಒಬ್ಬರನ್ನೊಬ್ಬರು ಬಿಟ್ಟುಕೊಟ್ಟೆವೆಂದು ಒಪ್ಪಿಕೊಳ್ಳುತ್ತಾರೆ. ಕೋಪ ಮಾಡಿಕೊಳ್ಳುವಷ್ಟು ಪ್ರೀತಿಯೂ ಅಲ್ಲಿ ಉಳಿದಿಲ್ಲ.

ಪರಿಶಿಷ್ಟ ಬೇಕಾಗುವುದು ಇಲ್ಲಿಯೇ. ಅದು ನ್ಯೂಸ್ಪೀಕನ್ನು ಹಿಂದೆ ಎಂದೋ ಇದ್ದ ಭಾಷೆಯಂತೆ, ಭೂತಕಾಲದಲ್ಲಿ, ಸಾಮಾನ್ಯ ಇಂಗ್ಲಿಷಿನಲ್ಲಿ ವಿವರಿಸುತ್ತದೆ. ಆ ಆಳ್ವಿಕೆಯೂ ಎಂದೋ ಅಳಿದಿರಬೇಕೆಂದು ಹಲವು ಓದುಗರು ಇದರಿಂದ ಅರ್ಥ ಮಾಡಿಕೊಂಡಿದ್ದಾರೆ, ನಾನೂ ಹಾಗೆಯೇ ಓದುತ್ತೇನೆ. ವಿನ್‌ಸ್ಟನ್ ಸೋತ, ಆದರೆ ಅವನ ಕಥೆ ಹೇಳಲು ಭಾಷೆ ಉಳಿದಿದೆ. 1949ರಲ್ಲಿ ಸದಸ್ಯರಿಗೆ ಪುಸ್ತಕ ಮಾರುವ ಅಮೆರಿಕದ ‘ಬುಕ್ ಆಫ್ ದ ಮಂತ್ ಕ್ಲಬ್’ ಈ ಪರಿಶಿಷ್ಟವನ್ನೂ ಕಥೆಯೊಳಗೆ ಬರುವ, ಪಕ್ಷದ ಶತ್ರು ಗೋಲ್ಡ್‌ಸ್ಟೈನನ ಪುಸ್ತಕದ ಭಾಗಗಳನ್ನೂ ತೆಗೆಯಬೇಕೆಂದು ಕೇಳಿದಾಗ, ಕ್ಷಯದಿಂದ ನರಳುತ್ತಿದ್ದ ಆರ್ವೆಲ್ ದೊಡ್ಡ ಮೊತ್ತ ಕೈತಪ್ಪಬಹುದೆಂದು ತಿಳಿದೂ ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಮಣಿಯಿತು. ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟು ಹಟ ಹಿಡಿದು ಅವರು ಉಳಿಸಿದ ಪುಟಗಳನ್ನು ಕಾಗದದ ಖರ್ಚಿಗಾಗಿ ಹರಿದು ಹಾಕುವುದು ಅನ್ಯಾಯ.

ಅಂಗಡಿಯವರು ತಕರಾರು ಮಾಡದೆ ಆ ಪ್ರತಿಯನ್ನು ಹಿಂದಕ್ಕೆ ಪಡೆದು, 150 ರೂಪಾಯಿ ಹೆಚ್ಚಿಗೆ ಕೊಟ್ಟದ್ದಕ್ಕೆ ಪೂರ್ಣ ಮುದ್ರಣವನ್ನು ಹುಡುಕಿ ಕೊಟ್ಟರು. ಕೊಳ್ಳುವವರು ಅಲ್ಲೇ ನಿಂತು ಕೊನೆಯ ಪುಟ ತಿರುವಿ ನೋಡಬೇಕು. ಕೊನೆಯ ವಾಕ್ಯದಲ್ಲಿ ಪಕ್ಷದ ನಾಯಕ ‘ಬಿಗ್ ಬ್ರದರ್’ನ ಹೆಸರಿದ್ದರೆ ಪುಸ್ತಕ ಅಪೂರ್ಣ. 2050 ಎಂಬ ಇಸವಿಯಿದ್ದರೆ ಪರಿಶಿಷ್ಟ ಇದೆ.