ಅಕ್ಕನ ಮಗನ ಕೈಗೆ ಗೇರ್ ಗಾಡಿ: ಟ್ರೈ ಮಾಡಿದ್ದು ಐದು ದಾರಿ, ಕೈ ಹಿಡಿದಿದ್ದು ಒಂದೂವರೆ

ನಮ್ಮನೇಲಿರೋದು 2013ರ ವ್ಯಾಗನ್ಆರ್, ಪೆಟ್ರೋಲ್, ಐದು ಗೇರು, ಮೀಟರ್ 82 ಸಾವಿರ ದಾಟಿದೆ. ಅಕ್ಕನ ಮಗ ಪಾಂಡವಪುರದ ಕಡೆಯವನು, ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ಕಿ ಆರು ತಿಂಗಳಿಂದ ಕುವೆಂಪುನಗರದಲ್ಲಿ ನಮ್ ಜೊತೇಲೇ ಇದಾನೆ. ಅಮ್ಮಂಗೆ ಮಂಡಿ ಆಪರೇಷನ್ ಆಗಿ ವಾರಕ್ಕೆರಡು ಸಲ ಬೆಳಿಗ್ಗೆ ಫಿಸಿಯೋಥೆರಪಿಗೆ ಕರ್ಕೊಂಡೋಗ್ಬೇಕು, ಆ ಹೊತ್ತಲ್ಲಿ ನನಗೂ ನನ್ ಹೆಂಡ್ತಿಗೂ ಆಫೀಸು, ಅವನದು ಸೆಕೆಂಡ್ ಶಿಫ್ಟು. ಆಟೋಗೆ ಹತ್ತಿ ಇಳಿಯೋಕೆ ಅಮ್ಮಂಗೆ ಆಗಲ್ಲ. "ಮಾವ, ನಂಗೆ ಲೈಸೆನ್ಸ್ ಇದೆಯಲ್ಲ, ನಾನೇ ಕರ್ಕೊಂಡೋಗ್ತೀನಿ" ಅಂದ. ಲೈಸೆನ್ಸ್ ಏನೋ ಇತ್ತು, ಬಂದು ಮೂರು ತಿಂಗಳಾಗಿತ್ತು, ಅದ್ರ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿರ್ಲಿಲ್ಲ.

ಮೊದಲನೇ ದಾರಿ ಸೋಮಾರಿಗಳದ್ದು, ಕೀ ಕೊಟ್ಟು ಕಳ್ಸೋದು. ಕೊಟ್ಟೆ. ಭಾನುವಾರ ಬೆಳಿಗ್ಗೆ, ರೋಡ್ ಖಾಲಿ, ಅಗ್ರಹಾರ ಸರ್ಕಲ್ ತನಕ ಹೋಗಿ ಹಾಲು ತಗೊಂಡ್ ಬಾ ಅಂತ. ನಲವತ್ತು ನಿಮಿಷ ಆದ್ಮೇಲೆ ಬಂದ, ಗಾಡಿಗಿಂತ ಮುಂಚೆ ಕ್ಲಚ್ ಸುಟ್ಟ ವಾಸನೆ ಬಂತು. ಸಿಗ್ನಲಲ್ಲಿ ನಾಲ್ಕು ಸಲ ಆಫ್ ಆಯ್ತಂತೆ, ಹಿಂದೆ ಸಿಟಿ ಬಸ್ಸು ಹಾರ್ನ್ ಮೇಲೆ ಹಾರ್ನು. ಅಲ್ಲೆಲ್ಲಾ ಬಚಾವಾಗಿ ಬಂದವನು ನಮ್ ಗೇಟ್ ಮುಂದಿನ ರ್ಯಾಂಪ್ ಹತ್ತಿಸುವಾಗ ಗೂ ಅಂತ ರೇಸ್ ಕೊಟ್ಟು ಕ್ಲಚ್ ಫಟ್ ಅಂತ ಬಿಟ್ಟ. ಗಾಡಿ ಕಪ್ಪೆ ಥರ ಹಾರಿ ಎರಡು ದಾಸವಾಳದ ಕುಂಡ ಪುಡಿ ಮಾಡಿ ತುಳಸಿ ಕಟ್ಟೆಗೆ ನಾಲ್ಕು ಬೆರಳು ದೂರದಲ್ಲಿ ಆಫ್ ಆಗಿ ನಿಂತ್ಕೊಂಡ್ತು. ಅಮ್ಮ ಒಳಗಿಂದ್ಲೇ "ಯಾರಪ್ಪಾ ಅದು" ಅಂದ್ರು. ಬಂಪರ್‌ಗೆ 1800 ರೂಪಾಯಿ. ಹಾಲು ಮಾತ್ರ ಚೆಲ್ಲಿರ್ಲಿಲ್ಲ.

ಬೈಯೋಕೆ ಹೊರಟವನು ಮೆಕ್ಯಾನಿಕ್ ಹೇಳಿದ್ದು ಕೇಳಿ ಸುಮ್ನಾದೆ. ಕೇಬಲ್ ಕ್ಲಚ್ ಇರೋ ಹಳೇ ಗಾಡೀಲಿ ಪ್ಲೇಟ್ ಸವೀತಾ ಸವೀತಾ ಪೆಡಲ್ ಮೇಲ್ ಮೇಲಕ್ಕೆ ಕಚ್ಚೋಕೆ (ಅಂದ್ರೆ ಕ್ಲಚ್ ಹಿಡಿದು ಗಾಡಿ ಎಳೆಯೋಕೆ) ಶುರುವಾಗುತ್ತೆ, ಆಗಾಗ ಅಡ್ಜಸ್ಟ್ ಮಾಡಿಸ್ತಾ ಇರ್ಬೇಕು, ನಾನು ಯಾವತ್ತೂ ಮಾಡಿಸಿಲ್ಲ. ನನ್ ಕಾಲಿಗೆ ಅದು ಅಭ್ಯಾಸ ಆಗೋಗಿದೆ, ಗೊತ್ತೇ ಆಗಿಲ್ಲ. ಹುಡುಗ ಕಲ್ತಿದ್ದು ಕೆಳಗೆ ಕಚ್ಚೋ ಗಾಡೀಲಿ. ಅವನು ಅಲ್ಲಿ ಕಾಯ್ತಾ ಇದಾನೆ, ಇದು ಇನ್ನೊಂದ್ ಮೂರು ಇಂಚು ಮೇಲೆ ಬಂದ್ಮೇಲೆ ಕಚ್ಚುತ್ತೆ, ಅಷ್ಟರಲ್ಲಿ ಅವನು ತಾಳ್ಮೆ ಕಳ್ಕೊಂಡು ಕಾಲು ಪೂರ್ತಿ ಎತ್ತಿರ್ತಾನೆ. ಅಡ್ಜಸ್ಟ್ ಮಾಡೋಕೆ ತಗೊಂಡಿದ್ದು 150 ರೂಪಾಯಿ! ಹಳೇ ಗೇರ್ ಗಾಡಿ ಯಾರಿಗಾದ್ರೂ ಕೊಡೋ ಮುಂಚೆ ಇದೊಂದು ಮಾಡಿಸಿಬಿಡಿ.

ಎರಡನೇದು, ನಾನೇ ಪಕ್ಕದಲ್ಲಿ ಕೂತ್ಕೊಳ್ಳೋದು. ಇದೇ ಬೆಸ್ಟು ಅನ್ಕೊಂಡಿದ್ದೆ, ಇದೇ ಎಲ್ಲಕ್ಕಿಂತ ದಂಡ ಆಗಿದ್ದು. ನಾಲ್ಕು ದಿನ ಕೂತೆ. ಎಡಗೈ ಮೇಲಿನ ಹ್ಯಾಂಡಲ್ ಮೇಲೆ, ಬಲಗೈ ಹ್ಯಾಂಡ್ ಬ್ರೇಕ್ ಮೇಲೆ, ಬಲಗಾಲು ಇಲ್ಲದ ಬ್ರೇಕನ್ನ ಮ್ಯಾಟ್ ಮೇಲೆ ತುಳೀತಾ ಇರುತ್ತೆ, ಬಾಯಿ ಅಂತೂ ಕೇಳ್ಲೇಬೇಡಿ. ಸರಸ್ವತಿಪುರಂ ಫೈರ್ ಬ್ರಿಗೇಡ್ ಹತ್ರ ಮುಂದೆ ಆಟೋ ನಿಂತಾಗ ನಾನು "ಕ್ಲಚ್ ಕ್ಲಚ್ ಕ್ಲಚ್" ಅಂತ ಕಿರುಚಿದೆ, ಅವನು ಪಾಪ ಹೇಳ್ದಂಗೇ ಕ್ಲಚ್ ಮಾತ್ರ ಒತ್ತಿದ, ಬ್ರೇಕ್ ಒತ್ತಲಿಲ್ಲ, ಇಂಜಿನ್ ಹಿಡಿತಾನೂ ಬಿಟ್ಟೋಗಿ ಗಾಡಿ ನುಣ್ಣಗೆ ಆಟೋ ಕಡೆ ಜಾರ್ತಾ ಹೋಯ್ತು. ಹ್ಯಾಂಡ್ ಬ್ರೇಕ್ ಎಳ್ದೆ, ಸದ್ಯ ತಾಗಲಿಲ್ಲ, ಆಟೋದವರು ತಿರುಗಿ ನೋಡಿದ್ದು ನನ್ನ, ಅವನನ್ನಲ್ಲ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ನನ್ ಎಡಗಾಲು ಏನ್ ಮಾಡುತ್ತೆ ಅಂತ ಬಾಯಲ್ಲಿ ಹೇಳು ಅಂದ್ರೆ ನಂಗೇ ಗೊತ್ತಿಲ್ಲ, "ನಿಧಾನಕ್ ಬಿಡೋ" ಅನ್ನೋದು ಬಿಟ್ರೆ ಬೇರೆ ಮಾತೇ ಬರಲ್ಲ. ಐದನೇ ದಿನ ಅವನಿಗೆ ಬೆಳಿಗ್ಗೆ ಬೆಳಿಗ್ಗೆನೇ ತಲೆನೋವು ಬಂತು. ನಂಗೂ ಬಂತು ಅನ್ನಿ.

ಮೂರನೇದು, ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲಲ್ಲೇ ಇನ್ನೊಂದ್ ಐದು ಕ್ಲಾಸು. 2000 ಆಯ್ತು. ಯಾವ ಸ್ಕೂಲು ಅಂತ ಕೇಳ್ಬೇಡಿ, ಹೆಸರು ಬೇಡ. ಒಂದಿನ ನಾನೂ ಹಿಂದಿನ ಸೀಟಲ್ಲಿ ಕೂತ್ಕೊಂಡೋದೆ, ಗುಟ್ಟು ಅಲ್ಲಿ ರಟ್ಟಾಯ್ತು. ಮೇಷ್ಟ್ರ ಕಡೆನೂ ಪೆಡಲ್ ಇರುತ್ತಲ್ಲ, ಸಿಗ್ನಲ್ ಬಂದ್ರೆ ಕ್ಲಚ್ ಅವರದ್ದು, ಏರು ಬಂದ್ರೆ ಕ್ಲಚ್ ಅವರದ್ದು, ಮೊಬೈಲ್ ನೋಡ್ಕೊಂಡೇ ಕಾಲಲ್ಲಿ ಅವರೇ ಗಾಡಿ ಓಡಿಸ್ತಿರ್ತಾರೆ, ನಮ್ಮೋನು ಸ್ಟೇರಿಂಗ್ ಹಿಡ್ಕೊಂಡು ಗೇರ್ ಬದಲಾಯಿಸ್ತಾ ತಾನೇ ಓಡಿಸ್ತಿದೀನಿ ಅನ್ಕೊಂಡಿದಾನೆ. ಮೊದಲು ಕಲ್ತಾಗ್ಲೂ ಇಪ್ಪತ್ತು ದಿನ ನಡೆದಿದ್ದು ಇದೇ. ಹಂಗಂತ ಪೂರ್ತಿ ತೆಗೆದು ಹಾಕಲ್ಲ, ಟ್ರಾಫಿಕ್ ಭಯ ಹೋಗೋಕೆ, ಮಿರರ್ ನೋಡೋದು ರೂಢಿ ಆಗೋಕೆ ಒಳ್ಳೇದು, ಡಿಕ್ಕಿ ಹೊಡೆಯಲ್ಲ ಅನ್ನೋ ಗ್ಯಾರಂಟಿ ಇರುತ್ತೆ. ಕ್ಲಚ್ ಕಲಿಯೋಕೆ ಮಾತ್ರ ಅಲ್ಲ.

ನಾಲ್ಕನೇದು, ಬಾಮೈದನ ಸೆಲೆರಿಯೋ, ಎಎಂಟಿ, ಅಂದ್ರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಾಯಿಸ್ಕೊಳ್ಳೋ ಗಾಡಿ. ಅವನು ಎರಡು ವಾರ ಊರಲ್ಲಿರ್ಲಿಲ್ಲ, ಗಾಡಿ ನಮ್ಮನೇಲಿ ಬಿಟ್ಟಿದ್ದ. ನಮ್ಮಲ್ಲಿ ಕಾರಿಗೆ ಗೇರ್ ಬೇರೆ ಆಟೋಮ್ಯಾಟಿಕ್ ಬೇರೆ ಅಂತ ಲೈಸೆನ್ಸ್ ಇಲ್ಲ, ಎಲ್‌ಎಂವಿ ಅಂತ ಕಾರಿನ ಲೈಸೆನ್ಸ್ ಇದ್ರೆ ಎರಡೂ ಓಡಿಸ್ಬೋದು, ಆ ತಾಪತ್ರಯ ಇಲ್ಲ. ಮೊದಲನೇ ದಿನವೇ ಆರಾಮಾಗಿ ಓಡಿಸಿದ, ಗೇರ್ ಬೀಳುವಾಗ ಒಂದ್ಸಲ ತಲೆ ಆಡಿಸುತ್ತೆ ಅಷ್ಟೇ, ಟ್ರಾಫಿಕ್ಕಲ್ಲಿ ಆಫ್ ಆಗೋ ಮಾತೇ ಇಲ್ಲ. ಅಮ್ಮನ್ನ ನಾಲ್ಕು ಸಲ ಕರ್ಕೊಂಡೋಗಿ ಕರ್ಕೊಂಡ್ ಬಂದ. ಒಂದು ಸಲ ಮಾತ್ರ, ಹಂಪ್ ಬಂತು ಅಂತ ಎಡಗಾಲು ಇಲ್ಲದ ಕ್ಲಚ್ ಹುಡುಕ್ಕೊಂಡು ಹೋಗಿ ಬ್ರೇಕ್ ಪೆಡಲ್ ಮೇಲೆ ಕೂತ್ಬಿಡ್ತು, ಕ್ಲಚ್ ತುಳಿದಷ್ಟೇ ಜೋರಾಗಿ. ಅಮ್ಮನ ಬ್ಯಾಗು, ನೀರಿನ ಬಾಟ್ಲಿ, ಕನ್ನಡಕ ಎಲ್ಲಾ ಡ್ಯಾಶ್ ಬೋರ್ಡ್ ಮೇಲೆ. ಬೆಲ್ಟ್ ಇತ್ತು, ಅಮ್ಮ ಸೀಟಲ್ಲೇ ಉಳಿದ್ರು. ಎಡಗಾಲು ಮಡಚಿ ಸೀಟಿಗೆ ಒತ್ತಿಟ್ಕೋ ಅಂತ ಹೇಳಿದ್ಮೇಲೆ ಸರಿ ಹೋಯ್ತು. ಇನ್ನೊಂದು ವಿಷ್ಯ, ಏರಲ್ಲಿ ಇದು ಜಾರಲ್ಲ ಅಂತ ಸುಮಾರು ಜನ ಅನ್ಕೊಂಡಿದಾರೆ, ಬಾಮೈದನ ಗಾಡೀಲಿ ಹಿಲ್ ಹೋಲ್ಡ್ ಇಲ್ಲ, ಏರಲ್ಲಿ ಬ್ರೇಕ್ ಬಿಟ್ರೆ ಅದೂ ಹಿಂದಕ್ಕೆ ಬರುತ್ತೆ.

ನಿಮ್ಮನೇಲಿ ಎಎಂಟಿ ಇದ್ರೆ ಇಲ್ಲಿಗೇ ಓದೋದು ನಿಲ್ಸಿ, ಅದನ್ನೇ ಕೊಡಿ. ನಂಗೆ ಆ ಪುಣ್ಯ ಎರಡೇ ವಾರ. ಗಾಡಿ ವಾಪಸ್ ಹೋಯ್ತು, ಹುಡುಗ ಮತ್ತೆ ವ್ಯಾಗನ್ಆರ್ ಹತ್ತಿದಾಗ ಕಲ್ತಿದ್ದ ಅರ್ಧ ಕ್ಲಚ್ಚೂ ಮರೆತಿದ್ದ. ಅದಕ್ಕೇ ಇದಕ್ಕೆ ಅರ್ಧ ಮಾರ್ಕು.

ಐದನೇದನ್ನ ನಾನು ಪ್ಲ್ಯಾನ್ ಮಾಡಿದ್ದಲ್ಲ. ನನ್ ಹೆಂಡ್ತಿ "ನೀವು ಮನೇಲಿರಿ, ನಾನ್ ಕೂತ್ಕೋತೀನಿ" ಅಂದ್ಲು. ಅವಳು ಗಾಡಿ ಕಲ್ತಿದ್ದು 36ನೇ ವಯಸ್ಸಲ್ಲಿ, ಆಗ ಪಟ್ಟ ಪಾಡು ಇನ್ನೂ ಕಾಲಲ್ಲಿದೆ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಲಲಿತಮಹಲ್ ಮೈದಾನಕ್ಕೆ ಕರ್ಕೊಂಡೋಗಿ ಆಕ್ಸಿಲರೇಟರ್ ಮುಟ್ಟಲೇಬೇಡ ಅಂದಿದಾಳೆ. ಫಸ್ಟ್ ಗೇರ್ ಹಾಕು, ಬ್ರೇಕ್ ಬಿಡು, ಕ್ಲಚ್ ಮಾತ್ರ ಕೂದಲೆಳೆ ಕೂದಲೆಳೆ ಬಿಡು, ಸೀಟು ಸಣ್ಣಗೆ ನಡುಗುತ್ತೆ, ಇಂಜಿನ್ ಸೌಂಡ್ ಒಂಚೂರು ದಪ್ಪ ಆಗುತ್ತೆ, ಅಲ್ಲಿ ಕಾಲು ಅಲ್ಲಾಡಿಸ್ಬೇಡ, ಗಾಡಿ ತಾನೇ ಹೊರಡುತ್ತೆ. ನಿಲ್ಸು. ಮತ್ತೆ. ದಿನಕ್ಕೆ ಮೂವತ್ತು ಸಲ, ಮೂರು ದಿನ. ರೇಡಿಯೋ ಬಂದ್, ಕಿಟಕಿ ಕೆಳಗೆ, ಇಂಜಿನ್ ಸೌಂಡ್ ಕೇಳಿಸ್ಲಿ ಅಂತ. ಚಪ್ಪಲಿ ಬಿಚ್ಚಿಸಿ ಬರಿಗಾಲಲ್ಲಿ ಮಾಡಿಸಿದ್ಲಂತೆ, ನಂಗೆ ಇದು ಯಾವತ್ತೂ ಹೊಳೆದಿರ್ಲಿಲ್ಲ. ಆಮೇಲೆ ಬೂಟ್ ಹಾಕ್ಸಿ ಇನ್ನೊಂದಿನ.

ಐದನೇ ದಿನ ಚಾಮುಂಡಿ ಬೆಟ್ಟದ ರೋಡು, ವಾರದ ದಿನ, ಬೆಳಿಗ್ಗೆ. ಏರಲ್ಲಿ ಸೈಡಿಗೆ ನಿಲ್ಸಿ ಹ್ಯಾಂಡ್ ಬ್ರೇಕ್ ಎಳೆಸಿದ್ಲು. ಕ್ಲಚ್ ಕಚ್ಚಿದಾಗ ಬಾನೆಟ್ ಮೂಗು ಸ್ವಲ್ಪ ಮೇಲೆದ್ದಂಗಾಗುತ್ತೆ, ಅದು ಕಂಡ್ಮೇಲೆ ಸ್ವಲ್ಪ ರೇಸು, ಆಮೇಲೆ ಹ್ಯಾಂಡ್ ಬ್ರೇಕ್ ಕೆಳಗೆ. ಎರಡು ಸಲ ಆಫ್ ಆಯ್ತು, ಮೂರನೇ ಸಲ ಒಂದಿಂಚೂ ಹಿಂದಕ್ಕೆ ಬರಲಿಲ್ಲ. ಇಳಿಯುವಾಗ ಪೂರ್ತಿ ಸೆಕೆಂಡ್ ಗೇರು, ಬ್ರೇಕ್ ತಿರುವಲ್ಲಿ ಮಾತ್ರ, ಇಲ್ಲಾಂದ್ರೆ ಕೆಳಗೆ ಬರೋ ಅಷ್ಟರಲ್ಲಿ ಬ್ರೇಕ್ ಕಾದುಹೋಗುತ್ತೆ. ಮನೆಗೆ ಬಂದು ಗೇಟಿನ ರ್ಯಾಂಪ್ ಹತ್ತಿಸಿದ, ನಾನು ಒಳಗಿದ್ದೆ, ಗಾಡಿ ಬಂದಿದ್ದೇ ಗೊತ್ತಾಗ್ಲಿಲ್ಲ. ಅವನು ಸೌಂಡಿಲ್ಲದೆ ಹತ್ತಿಸಿದ್ದು ನೋಡಿ ನಂಗೆ ಖುಷಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು ಅಂತ ಒಪ್ಕೊಂಡ್ಬಿಡ್ತೀನಿ.

ಇನ್ಶೂರೆನ್ಸ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಎಲ್ಲಾ ದಾರಿಗೂ ಒಂದೇ. ಓನರ್ ಒಪ್ಪಿ ಕೊಟ್ಟಿದ್ರೆ, ಓಡಿಸೋರ ಹತ್ರ ಚಾಲ್ತಿ ಲೈಸೆನ್ಸ್ ಇದ್ರೆ, ಫುಲ್ ಇನ್ಶೂರೆನ್ಸಲ್ಲಿ ಕ್ಲೇಮ್ ಸಿಗುತ್ತೆ. ಲೈಸೆನ್ಸೇ ಇಲ್ಲದವರಿಗೆ ಕೊಟ್ರೆ ಕ್ಲೇಮೂ ಇಲ್ಲ, ಕೊಟ್ಟ ನಮ್ಮ ಮೇಲೇ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 5000 ದಂಡ ಇಲ್ಲಾ ಮೂರು ತಿಂಗಳ ತನಕ ಜೈಲು, ಎರಡೂ ಆಗ್ಬೋದು. ಸಣ್ಣಪುಟ್ಟ ಗೀರಿಗೆಲ್ಲಾ ಕ್ಲೇಮ್ ಹಾಕ್ಬೇಡಿ, ಐದು ವರ್ಷ ಕ್ಲೇಮಿಲ್ಲದೆ ಬಂದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಒಂದು ಬಂಪರ್‌ಗೆ ಹೋಗ್ಬಿಡುತ್ತೆ, ಅದಕ್ಕೇ 1800 ಕೈಯಿಂದ ಕೊಟ್ಟೆ. ಯಾರೂ ಗಮನಿಸದೇ ಇರೋದು ಇನ್ನೊಂದಿದೆ, ಪಾಲಿಸಿ ಜೊತೆ ಬರೋ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಓನರ್-ಡ್ರೈವರ್‌ಗೆ ಮಾತ್ರ, ಅಂದ್ರೆ ಆರ್‌ಸೀಲಿ ಹೆಸರಿರೋ ನಂಗೆ. ಅವನು ಓಡಿಸ್ವಾಗ ಅವನಿಗೆ ಏನಾದ್ರೂ ಆದ್ರೆ ಅದು ಬರಲ್ಲ. ಅವನ ಹೆಸರಲ್ಲಿ ಒಂದು ಬೇರೆ ಆಕ್ಸಿಡೆಂಟ್ ಪಾಲಿಸಿ ಮಾಡಿಸಿದೀನಿ, ಈ ಬಂಪರ್‌ಗೆ ಕೊಟ್ಟಷ್ಟೂ ಆಗ್ಲಿಲ್ಲ ವರ್ಷಕ್ಕೆ.

ಈಗ ಮಂಗಳವಾರ, ಶುಕ್ರವಾರ ಅಮ್ಮನ ಡ್ಯೂಟಿ ಅವನದ್ದೇ. ಊರಿಗೆ ತಗೊಂಡೋಗ್ತೀನಿ ಅಂತ ಕೇಳಿದಾನೆ, ಅದಕ್ಕೆ ಇನ್ನೂ ಹೂಂ ಅಂದಿಲ್ಲ. ಶ್ರೀರಂಗಪಟ್ಟಣದ ತನಕ ಪರ್ವಾಗಿಲ್ಲ, ಆಮೇಲೆ ಕಬ್ಬಿನ ಟ್ರ್ಯಾಕ್ಟರು, ಎರಡೆರಡು ಟ್ರೈಲರು, ಹಿಂದೆ ಒಂದು ಕೆಂಪು ದೀಪ ಇರಲ್ಲ, ಕತ್ಲಾದ್ಮೇಲೆ ಹತ್ರ ಹೋಗೋ ತನಕ ಅಲ್ಲೊಂದು ಗುಡ್ಡ ಹೋಗ್ತಿದೆ ಅಂತ ಗೊತ್ತೇ ಆಗಲ್ಲ. ಅದಲ್ದೆ ಅವರೂರಿಗೆ ನಾಲೆ ಏರಿ ಮೇಲೇ ಹೋಗ್ಬೇಕು. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರಲ್ಲ, ಅವತ್ತಿಂದ ಅಕ್ಕಂಗೆ ನಾಲೆ ಏರಿ ಅಂದ್ರೆ ಎದೆ ಹೊಡ್ಕೊಳ್ಳುತ್ತೆ. ಫೋನ್ ಮಾಡಿದಾಗೆಲ್ಲಾ "ಅವನ ಕೈಗೆ ಕೊಟ್ ಕಳ್ಸ್‌ಬೇಡ ಕಣೋ" ಅಂತಾಳೆ. ಹಬ್ಬಕ್ಕೆ ಹಗಲೊತ್ತಲ್ಲಿ ಹೋಗಿ ಹಗಲೊತ್ತಲ್ಲೇ ಬರೋದು, ಪಕ್ಕದಲ್ಲಿ ಅವನ ಅತ್ತೆ, ಅಂದ್ರೆ ನನ್ ಹೆಂಡ್ತಿ, ಕೂತ್ಕೊಳ್ಳೋದು ಅಂತ ಮಾತಾಗಿದೆ. ನಾನು ಹಿಂದಿನ ಸೀಟು, ಅಮ್ಮನ ಪಕ್ಕ. ಮದ್ದೂರು ವಡೆ ಕೊಡಿಸಿದ್ರೂ ಬಾಯಿ ಬಿಡಬಾರದು ಅಂತ ಕಂಡೀಷನ್ ಹಾಕಿದಾರೆ, ಮದ್ದೂರು ಆ ಕಡೆ ದಾರೀಲೇ ಬರಲ್ಲ ಅಂತ ನಾನೂ ಹೇಳೋಕೋಗ್ಲಿಲ್ಲ.