ಮೀನು, ಲವ್‌ಬರ್ಡ್, ಮೊಲ: ಮಕ್ಕಳಿಗೆ ನಾನು ಕೊಟ್ಟ ಮೂರು ಉತ್ತರ

ಮೊದಲೇ ಹೇಳಿಬಿಡ್ತೇನೆ. ತರಗತಿಯಲ್ಲಿ ಸಾಕಿದ ಪ್ರಾಣಿ ಸತ್ತರೆ "ಸತ್ತುಹೋಯಿತು" ಅಂತಲೇ ಹೇಳಬೇಕು. ಎರಡು ಸಲ ತಪ್ಪಿದ ಮೇಲೆ ನನಗಿದು ತಿಳಿಯಿತು. ಕಲಬುರಗಿಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡ್ತೇನೆ. ನಾಲ್ಕೈದು ವರ್ಷದ 26 ಮಕ್ಕಳು.

ಮೊದಲ ವರ್ಷ ಗೋಲ್ಡ್‌ಫಿಶ್ ಸತ್ತಿತು. ಭಾನುವಾರ ಅಂಥದ್ದೇ ಇನ್ನೊಂದು ತಂದು ಬಿಟ್ಟೆ, 80 ರೂಪಾಯಿ. ಸೋಮವಾರ ಬೆಳಿಗ್ಗೆಯೇ ಒಬ್ಬಳು, "ಇದರ ಬಾಲ ಯಾಕೆ ಸಣ್ಣದಾಯ್ತು?" ಅಂದಳು. ಮತ್ತೊಂದು ಸುಳ್ಳು ಹೇಳಬೇಕಾಯಿತು. ಆ ದಾರಿ ಅಲ್ಲಿಗೇ ಬಿಟ್ಟೆ.

ಮರುವರ್ಷ ಜೋಡಿ ಲವ್‌ಬರ್ಡ್ಸ್‌ನಲ್ಲಿ ಒಂದು ಸತ್ತಿತು. "ಮಲಗಿದೆ, ಎಬ್ಬಿಸಬೇಡಿ" ಅಂತ ಹೇಳಿ ಚಪ್ಪಲಿ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಎಷ್ಟು ಮೆತ್ತಗಿನ ಮಾತು ಅಲ್ವಾ? ನನಗೂ ಹಾಗೇ ಅನಿಸಿತ್ತು.

ಊಟ ಆದ ಮೇಲೆ ಅರ್ಧ ಗಂಟೆ ಚಾಪೆ ಹಾಸಿ ಮಲಗಿಸ್ತೇವೆ. ಮರುದಿನ ಒಬ್ಬ ಹುಡುಗ ಚಾಪೆ ಮೇಲೆ ನೆಟ್ಟಗೆ ಕೂತಿದ್ದ. ಕಣ್ಣು ಮುಚ್ಚಿ ಬರ್ತಿದ್ದರೂ ತೊಡೆ ಚಿವುಟಿಕೊಂಡು ಎಚ್ಚರ ಇದ್ದ. ಹತ್ತಿರ ಕೂತು ಕೇಳಿದೆ. "ನಾ ಮಕ್ಕೊಂಡ್ರ ನನಗೂ ಡಬ್ಬ್ಯಾಗ ಇಡ್ತೀರೇನ್ರಿ ಟೀಚರ್?" ಅಂದ.

ರಾತ್ರಿ ಲೈಟ್ ಆರಿಸಿದರೆ ಅಳ್ತಾನೆ ಅಂತ ಅವನ ತಾಯಿ ಹೇಳಿದರು. ಅವನು ಮತ್ತೆ ಹೆದರದೆ ಮಲಗೋಕೆ ಮೂರು ವಾರ ಬೇಕಾಯಿತು. ಈ ವಯಸ್ಸಿನ ಮಕ್ಕಳು ನಾವು ಹೇಳಿದ್ದನ್ನು ಇದ್ದ ಹಾಗೇ ನಂಬ್ತಾರೆ. ಸತ್ತದ್ದು ಮತ್ತೆ ಎದ್ದು ಬರ್ತದೆ ಅಂತ ಬಹಳ ಮಕ್ಕಳು ಅಂದುಕೊಂಡಿರ್ತಾರೆ. ಅಂಥವರಿಗೆ "ಮಲಗಿದೆ" ಅಂದರೆ ಕಾಯ್ತಾ ಕೂರ್ತಾರೆ, ಇಲ್ಲ ಹೆದರ್ತಾರೆ.

ಆ ಹಕ್ಕಿಯ ವಿಷಯದಲ್ಲೇ "ದೇವರು ಕರ್ಕೊಂಡ" ಅಂತಲೂ ಹೇಳಿ ನೋಡಿದೆ. ಶರಣಬಸವೇಶ್ವರ ಗುಡಿಗೆ ಹೋಗಿ ವಾಪಸ್ ಕೇಳೋಣ ಅಂದರು ಮಕ್ಕಳು.

ಹೋದ ಮಾರ್ಚ್‌ನಲ್ಲಿ ಮೊಲ ಸತ್ತಿತು. ಮೊಲಕ್ಕೆ ನಮ್ಮ ಹಾಗೆ ಬೆವರು ಬರಲ್ಲ, ಮೈ ಕಾವು ಹೆಚ್ಚಾಗಿ ಕಿವಿಯಿಂದ ಹೋಗಬೇಕು. ಕರೆಂಟ್ ಹೋಗಿ ಕೂಲರ್ ನಿಂತಿತ್ತು. ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ: "ಮೊಲ ಸತ್ತುಹೋಯಿತು. ಸೆಕೆ ತಡಕೊಳ್ಳಲಿಲ್ಲ. ಇನ್ನು ಉಸಿರಾಡಲ್ಲ, ಹಸಿವಾಗಲ್ಲ, ನೋವಾಗಲ್ಲ. ಮತ್ತೆ ಬರಲ್ಲ." ಅತ್ತರು, ನಾನೂ ಅತ್ತೆ. ಬೇವಿನ ಮರದ ಕೆಳಗೆ ಎರೆಮಣ್ಣು ಕಲ್ಲಾಗಿತ್ತು, ನೀರು ಸುರಿದು ಅಗೆದೆವು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು. "ನಮ್ಮ ಮುತ್ಯಾಗೂ ಹಿಂಗೇ ಮಣ್ಣು ಕೊಟ್ಟಾರ್ರಿ" ಅಂದಳು ಒಬ್ಬಳು, ಬಿದ್ದ ಬೇವಿನ ಹೂ ಆರಿಸ್ತಾ.

ಇದರಲ್ಲೂ ಕಷ್ಟ ಇದೆ. ಆ ದಿನದ ಪಾಠ ಹೋಯಿತು. ಇಬ್ಬರು ತಾಯಂದಿರು, ಇಷ್ಟು ಸಣ್ಣ ಮಕ್ಕಳಿಗೆ ಯಾಕೆ ಹೇಳಿದಿರಿ ಅಂತ ಬೇಸರ ಮಾಡಿಕೊಂಡರು. ಅದೇ ಪ್ರಶ್ನೆ ಹತ್ತು ದಿನ ಬಂತು, ಹತ್ತು ದಿನವೂ ಅದೇ ಉತ್ತರ ಕೊಟ್ಟೆ. ಆದರೆ ಯಾರೂ ನಿದ್ದೆ ಬಿಡಲಿಲ್ಲ. ಖರ್ಚೂ ಇಲ್ಲ. ಹೇಳಿದ ಸುಳ್ಳು ನೆನಪಿಟ್ಟುಕೊಳ್ಳೋದು ನನಗೆ ಆಗದ ಕೆಲಸ, ಹಾಗಾಗಿ ಇದೇ ನನಗೆ ಸರಿ.

ಮೊಲ ಮಾತ್ರ ಇನ್ನು ತರಲ್ಲ. ನಮ್ಮ ಬಿಸಿಲು ಅದಕ್ಕಲ್ಲ.